ಒಂದೇ ಕಡೆ ಹೊರಟ ಹಕ್ಕಿಗಳು

ಒಲೀಟಾ ಪ್ರೂಯಿಟ್ ನನ್ನೊಡನೆ ಜಗಳವಾಡುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಒಳ್ಳೆಯದೇ ಆಯಿತಲ್ಲ ವರ್ಜಿಲ್, ಈಗ ಅಂಗಡಿಯಲ್ಲಿ ನೆಮ್ಮದಿ ಎಂದು ಊರಿನವರು ಹೇಳುತ್ತಿದ್ದರು. ಊರಿನವರಿಗೇನು, ಹೇಳಿ ಹೋಗುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಬೆನ್ನ ಹಿಂದೆ ಕೂತು ಬೈದ ಹೆಂಗಸು ಒಂದು ದಿನ ಬೈಯುವುದನ್ನು ಬಿಟ್ಟರೆ ಅಂಗಡಿಯ ಒಂದು ಗೋಡೆ ಬಿದ್ದ ಹಾಗಿರುತ್ತದೆ. ಒಳಗೆ ಬರುವುದು ಗಾಳಿ, ನೆಮ್ಮದಿಯಲ್ಲ.

ಟೆಕ್ಸಸ್ಸಿನ ಟೋಲರ್ ವೆಲ್ಸ್‌ನಲ್ಲಿ ನಮ್ಮದು ದನಗಾಹಿಗಳ ಬೂಟು ಹೊಲಿಯುವ ಅಂಗಡಿ. ಅಜ್ಜ ಹಾಕಿದ್ದು, ಅಪ್ಪ ನಡೆಸಿದ್ದು, ಈಗ ನನ್ನ ಕುತ್ತಿಗೆಗೆ ಬಿದ್ದಿದೆ. ಬೂಟಿನ ಕೆಲಸ ಎರಡು ಪಾಲು. ಮರದ ಪಾದಕ್ಕೆ ತೊಗಲು ಎಳೆದು ಮೊಳೆ ಹೊಡೆಯುವುದು, ಅಟ್ಟೆ, ಹಿಮ್ಮಡಿ, ಇದೆಲ್ಲ ಅಡಿಯ ಕೆಲಸ, ಅದು ನನ್ನದು. ಕಣಕಾಲಿನಿಂದ ಮೇಲಕ್ಕೆ ಏರುವ ಭಾಗ, ಅದರ ಮೇಲಿನ ಹೂಬಳ್ಳಿ, ಚಿಟ್ಟೆ, ನಕ್ಷತ್ರ, ಅದು ಒಲೀಟಾಳದು. ನನ್ನ ಬೆಂಚು ಬೀದಿಯ ಕಿಟಕಿಗೆ ಮುಖ ಮಾಡಿದೆ, ಅವಳ ಹೊಲಿಗೆ ಯಂತ್ರ ಹಿಂದಿನ ಗೋಡೆಗೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತೇವೆ. ತಿರುಗಿ ನೋಡುವ ರೂಢಿಯಿಲ್ಲ. ಏನು ನಡೆಯುತ್ತಿದೆ ಎಂಬುದು ಕಿವಿಗೇ ಗೊತ್ತಾಗುತ್ತದೆ.

ನಮ್ಮ ಕಡೆಯ ಗಂಡಸರ ಒಂದು ವಿಚಿತ್ರ ಹೇಳಬೇಕು. ವರ್ಷವಿಡೀ ದನಗಳ ಹಿಂದೆ ಧೂಳು ಕುಡಿಯುವ, ಕೇಳಿದ್ದಕ್ಕೂ ಸರಿಯಾಗಿ ಉತ್ತರ ಕೊಡದ ಒರಟ ನಮ್ಮ ಅಂಗಡಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಒಲೀಟಾಳ ಕಡೆ ಬಗ್ಗಿ, ಗುಲಾಬಿ ಬೇಕು, ಕೆಂಪು ದಾರದಲ್ಲಿ ಎಂದು ಪಿಸುಗುಟ್ಟುತ್ತಾನೆ. ಅವಳು ವಾರಗಟ್ಟಲೆ ಕಣ್ಣು ಕಳೆದುಕೊಂಡು ಹೊಲಿದ ಗುಲಾಬಿಯ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಜೀನ್ಸ್ ಇಳಿಬಿಟ್ಟುಕೊಂಡು ಹೊರಟುಹೋಗುತ್ತಾನೆ. ಆಮೇಲೆ ಹೊರಗೆ ಕಾಣುವುದು ಬೂಟಿನ ಮೂತಿಯೊಂದೇ. ಪ್ಯಾಂಟನ್ನು ಬೂಟಿನೊಳಗೆ ತುರುಕಿಕೊಂಡು ಮೆರೆಯುವವನನ್ನು ನಮ್ಮಲ್ಲಿ ನಾಟಕದವನು ಎನ್ನುತ್ತಾರೆ. ಹಾಗಾಗಿ ಯಾವ ಗಂಡಸಿನ ಕಾಲಲ್ಲಿ ಯಾವ ಹೂವು ಅಡಗಿದೆ ಎಂಬುದು ಒಲೀಟಾಳಿಗೆ ಬಿಟ್ಟರೆ ಅವನ ಹೆಂಡತಿಗೆ ಗೊತ್ತು, ಅಷ್ಟೇ. ಹೆದ್ದಾರಿಯಲ್ಲಿ ಎಲ್ಲರನ್ನೂ ನಡುಗಿಸುವ ನಮ್ಮ ಷೆರೀಫನ ಕಾಲಲ್ಲಿ ಎರಡು ನೀಲಿ ಚಿಟ್ಟೆಗಳಿವೆ. ಇದನ್ನು ನಾನು ಹೇಳಬಾರದಿತ್ತು.

ಅವಳ ಗಂಡ ಹೋಯ್ಟ್ ಬಂದದ್ದೂ ಹಾಗೆಯೇ. ಮೆಕ್ರೇ ರ‍್ಯಾಂಚಿನಲ್ಲಿ ಅವನು ದನಗಾಹಿ. ಸಾವಿರಾರು ಎಕರೆ ಹುಲ್ಲುಗಾವಲು, ದನಗಳು, ಕುದುರೆ, ಇಷ್ಟೇ ಅವನ ಲೋಕ. ಪಾದ ಮಾತ್ರ ಹುಡುಗಿಯ ಪಾದದಷ್ಟು ಸಣ್ಣದು. ಅಳತೆ ತೆಗೆಯುವಾಗ ಅಪ್ಪ, ಇದರ ಮೇಲೆ ನೀನು ಬೀಳದೆ ನಿಲ್ಲುವುದು ಹೇಗಯ್ಯ ಎಂದು ಗೇಲಿ ಮಾಡಿದ್ದ. ಆಗ ಒಲೀಟಾ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಇಪ್ಪತ್ತೆರಡರ ಹುಡುಗಿ. ಹೋಯ್ಟ್ ಬೂಟಿನ ಕಣಕಾಲ ಮೇಲಿನ ಮುಂಭಾಗದಲ್ಲಿ ಒಂದೊಂದು ಕತ್ತರಿಬಾಲದ ಹಕ್ಕಿ ಕೇಳಿದ. ಬೇಸಗೆಯಲ್ಲಿ ನಮ್ಮ ತಂತಿಬೇಲಿಗಳ ಮೇಲೆ ಕೂರುವ, ಉದ್ದ ಬಾಲದ ಹಕ್ಕಿ.

ಬೂಟಿನ ಜೋಡಿಯಲ್ಲಿ ಒಂದು ನಿಯಮ. ಎಡಗಾಲಿನ ಚಿತ್ರ ಬಲಗಾಲಿನ ಚಿತ್ರಕ್ಕೆ ಕನ್ನಡಿಯಾಗಿರಬೇಕು. ಹಕ್ಕಿಯಾದರೆ ಎರಡೂ ಒಂದನ್ನೊಂದು ನೋಡುತ್ತಿರಬೇಕು. ಅದಕ್ಕೆ ಎರಡನೇ ಬೂಟಿಗೆ ಗುರುತು ಹಾಕುವಾಗ ನಕ್ಷೆಯ ಕಾಗದವನ್ನು ಮಗುಚಿ ಇಡಬೇಕು. ಒಲೀಟಾ ಮಗುಚಲಿಲ್ಲ. ಎಲ್ಲ ಹೊಲಿದಾದ ಮೇಲೆ ನೋಡಿದರೆ ಎರಡು ಹಕ್ಕಿಗಳೂ ಒಂದೇ ಕಡೆ ಮುಖ ಮಾಡಿ ಹಾರುತ್ತಿವೆ. ಅಪ್ಪ ತೊಗಲು ಕೊಯ್ಯುವ ರಂಪಿಗೆಯನ್ನು ಬೆಂಚಿನ ಮೇಲೆ ಬಿಸಾಡಿ ಕೂಗಾಡಿದ. ಬೇರೆ ಹುಡುಗಿಯಾಗಿದ್ದರೆ ಅಳುತ್ತಿದ್ದಳು. ಇವಳು, ದಿನಾ ಹಿಂದೆ ನಿಂತು ಕಾಫಿ ಹೀರುತ್ತ ನೋಡುತ್ತಿದ್ದವರು ನೀವೇ, ಬಾಯಲ್ಲಿ ಏನಿಟ್ಟುಕೊಂಡಿದ್ದಿರಿ ಎಂದು ತಿರುಗಿಬಿದ್ದಳು. ಆ ಜಗಳದ ನಡುವೆ ಹೋಯ್ಟ್ ಒಳಗೆ ಬಂದ. ಬೂಟುಗಳನ್ನು ಎತ್ತಿ ಬಹಳ ಹೊತ್ತು ನೋಡಿದ.

"ಇರ್ಲಿ ಬಿಡಿ," ಎಂದ. "ಎರಡೂ ಒಂದೇ ಕಡೆ ಹೊರಟಿವೆ. ಹೋಗ್ಲಿ ಪಾಪ."

ಆಮೇಲೆ ಹಿಮ್ಮಡಿ ಸಡಿಲವಾಗಿದೆ, ಮೂತಿ ಒತ್ತುತ್ತದೆ ಎಂದು ಏನಾದರೊಂದು ನೆಪ ಮಾಡಿಕೊಂಡು ಅವನು ಅಂಗಡಿಗೆ ಬರತೊಡಗಿದ. ಬೂಟಿಗೆ ಏನೂ ಆಗಿರಲಿಲ್ಲ. ಮದುವೆಯಲ್ಲಿ ಅದನ್ನೇ ಹಾಕಿಕೊಂಡ. ಮುಂದೆ ಚರ್ಚಿಗೆ, ಕುಣಿತಕ್ಕೆ, ಬೇರೆಯವರ ಸಾವಿಗೆ, ಎಲ್ಲಕ್ಕೂ ಅದೇ ಜೋಡಿ. ಕೆಲಸದ ಬೂಟು ಎಷ್ಟೋ ಸವೆಸಿದ, ಇದನ್ನು ಮಾತ್ರ ಕಾಪಾಡಿಕೊಂಡ. ಅಟ್ಟೆ ಸವೆದಾಗಲೆಲ್ಲ ನಾನೇ ಹೊಸತು ಹಾಕಿಕೊಟ್ಟಿದ್ದೇನೆ. ಅವರಿಗೆ ಮಕ್ಕಳಾಗಲಿಲ್ಲ. ಅವನದು ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಅವಳೇ ಆಡುತ್ತಿದ್ದಳು.

ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ಮಧ್ಯಾಹ್ನ ಟ್ರಕ್ಕಿನೊಳಗೆ ಕೂತು ಊಟ ಮಾಡುತ್ತಿದ್ದಾಗ ಹೋಯ್ಟ್‌ನ ಎದೆಬಡಿತ ನಿಂತಿತು. ಜೊತೆಯವರು ಹೋಗಿ ನೋಡಿದಾಗ ಅರ್ಧ ತಿಂದ ಸ್ಯಾಂಡ್‌ವಿಚ್ ತೊಡೆಯ ಮೇಲಿತ್ತು, ಎಂಜಿನ್ ಓಡುತ್ತಲೇ ಇತ್ತು.

ಒಲೀಟಾ ಅಳಲಿಲ್ಲ. ಸಾವಿನ ಮನೆಗೆ ನೆರೆಹೊರೆಯವರು ತಂದುಕೊಟ್ಟ ಬೇಯಿಸಿದ ಕೋಳಿ, ಹುರುಳಿಕಾಯಿ, ಪೆಕಾನ್ ಕಡುಬು ಅಡುಗೆಮನೆಯ ತುಂಬ ಹರಡಿದ್ದವು. ಪಾತ್ರೆಗಳನ್ನೆಲ್ಲ ತೊಳೆದು, ಅಡಿಯಲ್ಲಿ ಅಂಟುಪಟ್ಟಿಯ ಮೇಲೆ ಬರೆದಿದ್ದ ಹೆಸರು ನೋಡಿ, ಒಂದೊಂದನ್ನೂ ಅವರವರ ಮನೆಗೆ ಮುಟ್ಟಿಸಿ ಬಂದಳು. ಯಾರು ಏನು ಕೇಳಿದರೂ ಹೂಂ ಎಂದಳು. ಕುದುರೆಯ ಜೀನು ಮಾರೋಣವೇ? ಹೂಂ. ಕುದುರೆ? ಹೂಂ. ಮನೆ ರ‍್ಯಾಂಚಿನದು, ಹೊಸ ಆಳಿಗೆ ಬೇಕಲ್ಲ? ಹೂಂ. ಶವಸಂಸ್ಕಾರದವನು ಬಂದು, ಸೆಟೆದ ಕಾಲಿಗೆ ಬೂಟು ಹಾಕಬೇಕಾದರೆ ಹಿಂದಿನಿಂದ ಸೀಳಬೇಕಾಗುತ್ತದೆ, ಮಾಮೂಲಿ ಷೂ ಹಾಕಿಬಿಡಲೇ ಎಂದ. ಅದಕ್ಕೂ ಹೂಂ. ಹೀಗೆ ಆ ಬೂಟು ಹೊರಗುಳಿಯಿತು.

ನಾಲ್ಕನೆಯ ದಿನವೋ ಏನೋ, ರ‍್ಯಾಂಚಿನ ಹುಡುಗರು ಟೋಪಿ ಕೈಯಲ್ಲಿ ಹಿಡಿದು ಬಂದರು. ಮೆಕ್ರೇ ಗೇಟಿನ ಪಕ್ಕದ ಬೇಲಿಯ ಸೀಡರ್ ಗೂಟಗಳ ಮೇಲೆ ತೀರಿಹೋದ ದನಗಾಹಿಗಳ ಬೂಟುಗಳನ್ನು ತಲೆಕೆಳಗಾಗಿ ಸಿಕ್ಕಿಸುವುದು ಅಲ್ಲಿನ ಪದ್ಧತಿ. ಅಟ್ಟೆ ಆಕಾಶಕ್ಕೆ, ಬಾಯಿ ಗೂಟಕ್ಕೆ. ಒಳಗೆ ಮಳೆ ಇಳಿಯುವುದಿಲ್ಲ. ಹೋಯ್ಟ್‌ದನ್ನೂ ಇಡಬಹುದೇ ಎಂದು ಕೇಳಿದರು. ನಾನು ಅಲ್ಲೇ ಕೂತಿದ್ದೆ. ಇದಕ್ಕಾದರೂ ಇವಳು ಇಲ್ಲ ಎನ್ನುತ್ತಾಳೆ ಎಂದುಕೊಂಡೆ. ಹೂಂ ಎಂದು ಎದ್ದು ಹೋಗಿ ಬೂಟು ತಂದುಕೊಟ್ಟಳು. ಬಾಗಿಲು ಹಾಕುವ ಮೊದಲು ಕಾಫಿ ಕುಡಿದು ಹೋಗಿ ಎಂದಳು.

ಅಂದಿನಿಂದ ಅವಳು ಕೋಲೆಬಸವ. ಚರ್ಚಿನ ಹಿಂದಿನ ಒಂದು ತಗಡಿನ ಟ್ರೇಲರ್ ಮನೆಗೆ ಹೋದಳು. ಮನೆ ಬಾಗಿಲಿಗೆ ಬಂದವನೊಬ್ಬ ನೀರು ಶುದ್ಧ ಮಾಡುವ ಯಂತ್ರ ಕೊಡಲೇ ಎಂದ, ಹೂಂ. ಅದೇ ತಿಂಗಳು ಇನ್ನೊಬ್ಬ ಇನ್ನೊಂದು ಕಂಪನಿಯದು ತಂದ, ಅವನಿಗೂ ಹೂಂ. ಒಬ್ಬಳಿಗೆ ಎರಡು ಯಂತ್ರ, ಕುಡಿಯುವುದು ನಲ್ಲಿಯ ನೀರು. ಕೆಲಸದಲ್ಲಿ ಒಂದು ಹೊಲಿಗೆ ತಪ್ಪುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಏನೂ ಅನ್ನಿಸ್ತಿಲ್ಲ ಕಣೋ," ಎಂದಳು. "ಹಲ್ಲು ಕೀಳೋಕೆ ಮುಂಚೆ ಮದ್ದು ಚುಚ್ತಾರಲ್ಲ, ಹಾಗಿದೆ. ತುಟಿ ಕಚ್ಕೊಂಡ್ರೂ ಗೊತ್ತಾಗಲ್ಲ. ಸಂಜೆ ಹೊತ್ತಿಗೆ ಇಳಿಯುತ್ತೆ ಅಂತಾರೆ. ಇಳೀಲಿಲ್ಲ."

ನಾನು ಅವಳನ್ನು ರೇಗಿಸಲು ಮಾಡದ ಕಪಿಚೇಷ್ಟೆ ಇಲ್ಲ. ಅವಳ ಗುಲಾಬಿ ಎಲೆಕೋಸಿನಂತಿದೆ ಎಂದೆ. ಹೂಂ, ಇರಬಹುದು ಎಂದಳು. ಅವಳು ತೊಗಲು ಕತ್ತರಿಸುವ ಮೇಜಿನ ಮೇಲೆ ಬೇಕೆಂದೇ ನನ್ನ ಬೆವರಿನ ಟೋಪಿ ಇಟ್ಟೆ. ಮೊದಲಾಗಿದ್ದರೆ ಅದು ಬೀದಿಗೆ ಹಾರುತ್ತಿತ್ತು. ಧೂಳು ಕೊಡವಿ ಗೂಟಕ್ಕೆ ತೂಗುಹಾಕಿದಳು. ನನ್ನ ಹೆಂಡತಿ, ಬಿಟ್ಟುಬಿಡಿ ಅವಳನ್ನ, ಪಾಪ ಎಂದು ನನಗೇ ಗದರಿಸಿದಳು. ನಾನು ಬಯಸಿದ್ದು ಹೆಚ್ಚೇನಲ್ಲ. ಅವಳ ಬಾಯಿಂದ ಒಂದು ಇಲ್ಲ. ಯಾವುದಕ್ಕಾದರೂ ಆಗಲಿ, ಒಂದೇ ಒಂದು ಸಲ ಇಲ್ಲ ಅನ್ನಲಿ ಎಂದು ಕಾಯುತ್ತಿದ್ದೆ.

ಇಷ್ಟರಲ್ಲಿ ಲೋಕಕ್ಕೆ ಮತ್ತೆ ನಮ್ಮ ನೆನಪಾಯಿತು. ಇದು ಹೊಸದಲ್ಲ. ಅಜ್ಜನ ಕಾಲದಲ್ಲಿ ಸಿನಿಮಾ ನೋಡಿ ಬಂದವರು ಅಗಲ ಅಂಚಿನ ಟೋಪಿ ಕೇಳಿದರು. ಅಪ್ಪನ ಕಾಲದಲ್ಲಿ ಪೇಟೆಯ ಕುಣಿತದ ಕ್ಲಬ್ಬಿನವರು ಮುತ್ತಿನ ಗುಂಡಿಯ ಅಂಗಿ ಹುಡುಕಿಕೊಂಡು ಬಂದರು. ಈಗ ಮದುವೆಯಾಗುವ ಹುಡುಗಿಯರು, ಬೂಟಿಗಾಗಿ. ಪ್ರತಿ ಸಲವೂ ಪತ್ರಿಕೆಯವರು ದನಗಾಹಿಯ ಉಡುಪು ಮರಳಿ ಬಂತು ಎಂದು ಬರೆಯುತ್ತಾರೆ. ಅದು ಹೋಗಿದ್ದು ಯಾವಾಗ ಎಂದು ನಾನು ಕೇಳುತ್ತೇನೆ. ಹೋದದ್ದು ದನ, ಹೋದವರು ದನಗಾಹಿಗಳು. ಉಡುಪು ಎಲ್ಲಿಗೂ ಹೋಗಿಲ್ಲ. ನಮ್ಮ ಹುಡುಗರು ಆಟದ ಷೂ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ, ಹಿತ್ತಲ ಗಿಡ ಮದ್ದಲ್ಲ. ಪೇಟೆಯವರಿಗೆ ಮಾತ್ರ ನಮ್ಮ ಬೂಟೇ ಬೇಕು, ಅದೂ ಹೊಸದಲ್ಲ. ಬಿಸಿಲಿಗೆ ಸೀಳು ಬಿಟ್ಟದ್ದು, ಬಣ್ಣ ಹಾರಿದ್ದು. ಸವೆಸುವ ತಾಳ್ಮೆ ಅವರಿಗಿಲ್ಲ, ಬೇರೆಯವರು ಸವೆಸಿದ್ದನ್ನು ಕೊಂಡು ಹಾಕಿಕೊಳ್ಳುತ್ತಾರೆ. ನಾನು ಬೈಯುತ್ತೇನೆ, ಬೈಯುತ್ತಲೇ ಆರ್ಡರು ಬರೆದುಕೊಳ್ಳುತ್ತೇನೆ. ಹೊಟ್ಟೆ ಕೇಳಬೇಕಲ್ಲ.

ಮೆಕ್ರೇ ರ‍್ಯಾಂಚನ್ನು ಡಾಲಸ್ಸಿನ ಯಾರೋ ಹಲ್ಲಿನ ಡಾಕ್ಟರು ಕೊಂಡರು. ಅವರಿಗೆ ಕಬ್ಬಿಣದ ಕೊಳವೆಯ ಬೇಲಿ ಇಷ್ಟ. ಬೇಲಿಯ ಗುತ್ತಿಗೆದಾರ ಹಳೆಯ ಗೂಟಗಳನ್ನು ಕಿತ್ತು, ಗೂಟ ಬೇರೆ ಬೂಟು ಬೇರೆ ಮಾಡಿ, ಸಾಂಟಾ ಫೆಯಿಂದ ಬಂದ ವ್ಯಾಪಾರಿಗೆ ಎರಡನ್ನೂ ಮಾರಿದ. ಗೂಟಕ್ಕೂ ಈಗ ಬೆಲೆಯಂತೆ, ಪೇಟೆಯ ಮನೆಗಳಲ್ಲಿ ಗೋಡೆಗೆ ಒರಗಿಸಿಡುತ್ತಾರಂತೆ. ಸುದ್ದಿ ಕೇಳಿ ನಾನು ಟ್ರಕ್ಕು ಹತ್ತಿ ಓಡಿದೆ. ಗೇಟಿನ ಪಕ್ಕ ಸಾಲಾಗಿ ತೂತುಗಳಿದ್ದವು, ಅಷ್ಟೇ. ಗುತ್ತಿಗೆದಾರನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಓಕ್ಲಹೋಮಾದವನು, ಕಸ ಎಂದುಕೊಂಡೆ ಸ್ವಾಮಿ ಎಂದ. ಹಿಂತಿರುಗಿ ಬಂದು ಒಲೀಟಾಳಿಗೆ ಹೇಗೆ ಹೇಳುವುದೆಂದು ಒದ್ದಾಡಿದೆ.

"ಹೂಂ, ನಿನ್ನೆಯೇ ಗೊತ್ತಾಯ್ತು," ಎಂದಳು, ಸೂಜಿಗೆ ದಾರ ಪೋಣಿಸುತ್ತ.

ಈ ಏಪ್ರಿಲಿನಲ್ಲಿ, ಒಂದು ಗುರುವಾರ ಬೆಳಿಗ್ಗೆ, ಡೆಲೇನಿ ಎಂಬ ಹುಡುಗಿ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಳು. ಇಪ್ಪತ್ತೈದು ಇಪ್ಪತ್ತಾರಿರಬಹುದು. ಮೊಣಕಾಲಿಗಿಂತ ಮೇಲಿನ ಬಿಳಿ ಲಂಗ, ಕೆಳಗೆ ಬರಿಯ ಮೊಣಕಾಲು, ಅದರ ಕೆಳಗೆ ಹೋಯ್ಟ್‌ನ ಬೂಟು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಒಂದೇ ಕಡೆ ಮುಖ ಮಾಡಿದ ಎರಡು ಕತ್ತರಿಬಾಲದ ಹಕ್ಕಿಗಳಿರುವ ಬೂಟು ಟೆಕ್ಸಸ್ಸಿನಲ್ಲಿ ಇನ್ನೊಂದು ಜೋಡಿ ಇಲ್ಲ. ಕಂದು ತೊಗಲು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಅಡಿಗೆ ಯಾರೋ ಅಡ್ನಾಡಿ ರಬ್ಬರಿನ ಅಟ್ಟೆ ಅಂಟಿಸಿದ್ದ. ನನ್ನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು.

ಹುಡುಗಿ ಒಳ್ಳೆಯವಳು, ಮಾತಿಗೊಂದು ಸರ್, ಮೇಡಂ. ಆಸ್ಟಿನ್ನಿನಿಂದ ಹಿಂದಿನ ದಿನವೆಲ್ಲ ಕಾರು ಓಡಿಸಿಕೊಂಡು ಬಂದಿದ್ದಳು. ಬೂಟು ಸಾಂಟಾ ಫೆಯಲ್ಲಿ ಕೊಂಡದ್ದು, ಒಳಗಿನ ಪಟ್ಟಿಯ ಮೇಲೆ ನಮ್ಮ ಅಂಗಡಿಯ ಮುದ್ರೆ ಇತ್ತು, ಮಾಡಿದವರೇ ಸರಿಮಾಡಲಿ ಎಂದು ಹುಡುಕಿಕೊಂಡು ಬಂದೆ ಎಂದಳು. ಬಿಸಿಲಿಗೆ ದಾರ ಲಡ್ಡಾಗಿ ಹಕ್ಕಿಗಳ ರೆಕ್ಕೆ ಬಿಚ್ಚಿಕೊಂಡಿತ್ತು. ಪಕ್ಕದ ಹೊಲಿಗೆಯೂ ಬಾಯಿ ಬಿಟ್ಟಿತ್ತು. ಮುಂದಿನ ವಾರ ಅವಳ ಮದುವೆಯಂತೆ, ಮದುವೆಯ ಉಡುಪಿನ ಕೆಳಗೆ ಇದನ್ನೇ ಹಾಕುವುದಂತೆ. ಒಲೀಟಾ ಯಂತ್ರ ಬಿಟ್ಟು ಎದ್ದು ಬಂದು ನಿಂತಿದ್ದಳು.

"ಇನ್ನೊಂದು ಕೇಳ್ಬೇಕಿತ್ತು ಮೇಡಂ," ಎಂದಳು ಡೆಲೇನಿ. "ಇದೊಂದು ಹಕ್ಕಿ ಉಲ್ಟಾ ಆಗ್ಬಿಟ್ಟಿದೆ. ಮದುವೆಗಲ್ವಾ, ಎರಡೂ ಒಂದನ್ನೊಂದು ನೋಡೋ ಹಾಗಿದ್ರೆ ಚೆಂದ. ಬಿಚ್ಚಿ ತಿರುಗಿಸಿ ಹೊಲಿಯೋಕಾಗುತ್ತಾ?"

ಹಳೆಯ ತೂತುಗಳು ಕಾಣುತ್ತವೆ ಎಂದು ನಾನು ಅಡ್ಡಬಾಯಿ ಹಾಕಿದೆ. ಪರವಾಗಿಲ್ಲ ಸರ್, ಇನ್ನೂ ಹಳೆಯದರಂತೆ ಕಾಣುತ್ತದೆ ಎಂದಳು. ಒಲೀಟಾ ಬಗ್ಗಿ ಹಕ್ಕಿಗಳನ್ನು ನೋಡಿದಳು. ಮುಖದಲ್ಲಿ ಏನೂ ಇಲ್ಲ. ಬೇರೆ ಯಾರದೋ ಬೂಟನ್ನು ನೋಡುವ ಹಾಗೆಯೇ ನೋಡಿದಳು.

"ಹೂಂ, ಆಗುತ್ತೆ," ಎಂದಳು. "ಶನಿವಾರ ಬಾ."

ಹುಡುಗಿ ಕಾರಿನಿಂದ ಚಪ್ಪಲಿ ತಂದು ಹಾಕಿಕೊಂಡು, ಹೆದ್ದಾರಿಯ ಮೋಟೆಲಿನಲ್ಲಿ ಇರುತ್ತೇನೆಂದು ಹೋದಳು. ಬಾಗಿಲು ಮುಚ್ಚಿದ್ದೇ ತಡ ನಾನು ತಿರುಗಿದೆ.

"ಅದು ಹೋಯ್ಟ್‌ದು."

"ಗೊತ್ತು."

"ಗೊತ್ತಿದ್ದೂ ಬಿಚ್ತೀಯಾ?"

"ಅವಳು ಕೇಳಿದ್ಳಲ್ಲ."

ನಾನು ಹೇಳುತ್ತೇನೆ, ಹುಡುಗಿ ಅರ್ಥಮಾಡಿಕೊಳ್ಳುತ್ತಾಳೆ, ದುಡ್ಡು ಕೊಟ್ಟು ಹಿಂದಕ್ಕೆ ಕೊಳ್ಳೋಣ ಎಂದೆ. ಕೊಂಡು ಏನು ಮಾಡಲಿ, ಗೂಟವೂ ಇಲ್ಲ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊರಗೂ ಇರಲಿಲ್ಲ. ಅಂದು ನಾನು ಬೇಗ ಮನೆಗೆ ಹೋದೆ. ಹೆಂಡತಿ ಬಡಿಸಿದ್ದು ಸೇರಲಿಲ್ಲ. ಯಾರದೋ ಬೂಟು, ಯಾರದೋ ಹೆಂಡತಿ, ನಿನಗೇಕೆ ಇಷ್ಟು ಸಂಕಟ ಎಂದು ನನ್ನನ್ನೇ ಕೇಳಿಕೊಂಡೆ. ಆ ಹಕ್ಕಿ ತಿರುಗಿದರೆ ಒಲೀಟಾ ಇನ್ನು ಯಾವತ್ತೂ ಈ ಕಡೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಯಾಕೆ ಖಾತ್ರಿಯಾಯಿತೋ ಗೊತ್ತಿಲ್ಲ.

ಶುಕ್ರವಾರ ಅವಳು ಅದನ್ನೇ ಕೈಗೆತ್ತಿಕೊಂಡಳು. ಬೆನ್ನ ಹಿಂದೆ ಬ್ಲೇಡಿನ ಸದ್ದು, ಮೊದಲು ಪಕ್ಕದ ಹೊಲಿಗೆ, ಆಮೇಲೆ ಎಡಗಾಲಿನ ಹಕ್ಕಿ. ಹಳೆಯ ದಾರ ಕಿತ್ತು ಬರುವಾಗ ಸಣ್ಣಗೆ ಪಟ್ ಪಟ್ ಎನ್ನುತ್ತದೆ. ಬಾಲ, ರೆಕ್ಕೆ, ಕೊಕ್ಕು ಎಂದು ನಾನು ಊಹಿಸುತ್ತ ಕೂತೆ. ಆಮೇಲೆ ಸದ್ದು ನಿಂತಿತು. ಎದ್ದು ಕಾಫಿ ಹಾಕಿಕೊಳ್ಳುವ ನೆಪದಲ್ಲಿ ಓರೆಗಣ್ಣಿನಿಂದ ನೋಡಿದೆ. ಹಕ್ಕಿ ಇರಲಿಲ್ಲ. ತೊಗಲಿನ ಮೇಲೆ ಹಕ್ಕಿಯ ಆಕಾರದಲ್ಲಿ ಬರೀ ತೂತುಗಳಿದ್ದವು. ದಾರದ ತುಣುಕುಗಳನ್ನು ಅವಳು ಅಂಗೈಯಲ್ಲಿ ಗುಡ್ಡೆ ಮಾಡಿಕೊಂಡು ಕೂತಿದ್ದಳು. ಊಟದ ಹೊತ್ತಾಯಿತು. ಅವಳು ಏಳಲಿಲ್ಲ. ನಾನೂ ಏಳಲಿಲ್ಲ.

ಹೊಸದಾಗಿ ಹೊಲಿಯುವುದಾದರೆ ಯಂತ್ರದ ಮೋಟಾರು ಗುಯ್ಯೆನ್ನುತ್ತದೆ. ತಿರುಗಿಸಿದ ಹಕ್ಕಿ ಹೊಸ ಹಕ್ಕಿ, ಹೊಸ ತೂತು. ಹಾಗಾಗಿ ನಾನು ಗುಯ್ ಎಂಬ ಸದ್ದಿಗೇ ಕಿವಿಗೊಟ್ಟು, ಕೇಳಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಸದ್ದು ಬಂತು. ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಮೋಟಾರು ಹಾಕದೆ ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದಳು. ನಮ್ಮ ಕೆಲಸದಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸುವುದು ಒಂದಕ್ಕೇ, ಸೂಜಿಯನ್ನು ಹಳೆಯ ತೂತಿನಲ್ಲಿ ಇಳಿಸುವುದಕ್ಕೆ. ಒಂದೊಂದೇ ತೂತು, ಒಂದೊಂದೇ ಟಕ್. ಇಪ್ಪತ್ತೆರಡನೇ ವಯಸ್ಸಿನಲ್ಲಿ ತಪ್ಪಿ ಹಾಕಿದ ಹೊಲಿಗೆಯನ್ನು ಅವಳು ಮತ್ತೆ ಅದೇ ತಪ್ಪಿನ ಮೇಲೆ ಹಾಕುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಹಿಮ್ಮಡಿಗೆ ಒಂದು ಮೊಳೆ ಹೆಚ್ಚೇ ಹೊಡೆದುಬಿಟ್ಟೆ.

ಸಂಜೆಗೆ ಬೂಟು ನನ್ನ ಬೆಂಚಿಗೆ ಬಂತು. ನಾನು ಆ ರಬ್ಬರನ್ನು ಕಿತ್ತೆಸೆದು, ತೊಗಲಿನ ಅಟ್ಟೆ ಹಾಕಿ, ಎಣ್ಣೆ ಹಚ್ಚಿಟ್ಟೆ.

ಶನಿವಾರ ಡೆಲೇನಿ ಬಂದಳು. ಬೂಟು ನೋಡಿ ಮೊದಲು ಮುಖ ಅರಳಿತು, ಆಮೇಲೆ ಬಾಡಿತು.

"ಮೇಡಂ, ಹಕ್ಕಿ ತಿರುಗಿಸಿಲ್ಲ?"

"ಇಲ್ಲ," ಎಂದಳು ಒಲೀಟಾ.

ಎರಡು ವರ್ಷದಿಂದ ನಾನು ಕಾದ ಮಾತು ಅದು. ಎಷ್ಟು ಮೆಲ್ಲಗೆ ಬಂತೆಂದರೆ ಕೇಳಿದ್ದು ನಿಜವೋ ಎಂದು ಅನುಮಾನವಾಯಿತು. ಹುಡುಗಿ ಪಾಪ, ಮದುವೆಯ ಫೋಟೋ ಎಂದಳು, ಹೆಚ್ಚಿಗೆ ಏನು ಬೇಕಾದರೂ ಕೊಡುತ್ತೇನೆ ಎಂದಳು, ಗುರುವಾರ ಆಗುತ್ತೆ ಅಂದಿದ್ದಿರಲ್ಲ ಎಂದು ನೆನಪಿಸಿದಳು. ಅದು ನ್ಯಾಯವೇ.

"ಅಂದಿದ್ದೆ. ಈಗ ಆಗಲ್ಲ," ಎಂದಳು ಒಲೀಟಾ. "ನಾನೇ ಹೊಲಿದದ್ದು ಇದು. ಹೀಗೇ ಇರುತ್ತೆ. ಬೇಡ ಅನ್ಸಿದ್ರೆ ಇಲ್ಲೇ ಬಿಟ್ಹೋಗು, ನೀ ಕೊಟ್ಟಷ್ಟೂ ನಾನು ಕೊಡ್ತೀನಿ. ನಿನಗೆ ಎದುರುಬದುರು ನೋಡೋ ಹಕ್ಕಿ ಬೇರೆ ಜೋಡಿಗೆ ಹಾಕ್ಕೊಡ್ತೀನಿ."

ಬಿಟ್ಟುಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹುಡುಗಿ ಬೂಟುಗಳನ್ನು ಎತ್ತಿ, ಬೆಳಕಿಗೆ ಹಿಡಿದು, ಹೊಸ ದಾರದ ಮೇಲೆ ಬೆರಳಾಡಿಸಿದಳು. ಬೇಡ ಮೇಡಂ, ಇದೇ ಇರಲಿ ಎಂದಳು. ಮೊದಲ ಸಲ ನೋಡಿದಾಗಲೇ ಇಷ್ಟವಾಗಿತ್ತು, ಯಾಕೆ ಅಂತ ಗೊತ್ತಿಲ್ಲ ಎಂದಳು. ಕೂತು ಹಾಕಿಕೊಂಡಳು.

ಯಾರೇ ಆಗಲಿ ಬೂಟು ಹಾಕಿಕೊಂಡು ಗೋಡೆಯ ತನಕ ನಡೆದು ತೋರಿಸದೆ ನಾನು ಕಳಿಸುವುದಿಲ್ಲ. ಹಿಮ್ಮಡಿಯ ಸದ್ದು ಕೇಳಬೇಕು ನನಗೆ. ಗೋಡೆ ಮುಟ್ಟಿ ಬಾರಮ್ಮ ಎಂದೆ. ಅವಳು ಹೋದಳು, ತಿರುಗಿದಳು, ನಮ್ಮ ಕಡೆಗೆ ನಡೆದು ಬಂದಳು. ಲಂಗದ ಕೆಳಗೆ ಎರಡು ಹಕ್ಕಿಗಳೂ ಬಯಲಲ್ಲಿ. ಎಡಗಾಲು ಮುಂದಾದಾಗ ಒಂದು, ಬಲಗಾಲು ಮುಂದಾದಾಗ ಇನ್ನೊಂದು. ಎರಡೂ ಒಂದೇ ಕಡೆ.

ಒಲೀಟಾ ಮೇಜಿನ ಅಂಚು ಹಿಡಿದುಕೊಂಡಳು.

"ಇನ್ನೊಂದ್ಸಲ ನಡಿ ಕಂದಾ."

ಹುಡುಗಿ ನಡೆದಳು. ಮತ್ತೊಮ್ಮೆ ಎಂದಳು ಒಲೀಟಾ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ, ಇಳಿಯುತ್ತಿದೆ ಎಂಬುದೂ ತಿಳಿದಂತಿರಲಿಲ್ಲ. ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಮೂವತ್ತು ವರ್ಷ ಪ್ಯಾಂಟಿನ ಒಳಗೇ ಇದ್ವು ಕಣೋ. ಅವು ನಡೆಯೋದನ್ನ ನಾನು ಒಂದ್ಸಲಾನೂ ನೋಡಿರ್ಲಿಲ್ಲ."

ಡೆಲೇನಿ ಅರ್ಧದಲ್ಲೇ ನಿಂತಳು. ಬೂಟಿನಲ್ಲಿ ಏನಾದರೂ ಸರಿಯಿಲ್ಲವೇ ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಈ ಹುಡುಗಿ ಗಾಡಿ ಹತ್ತಿ ಹೋದರೆ ಆ ಹಕ್ಕಿಗಳೂ ಹೋದವು, ಮತ್ತೆ ಸಿಗುವುದಿಲ್ಲ.

"ನೋಡಮ್ಮ," ಎಂದೆ, "ಆ ಬೂಟು ಯಾರದು ಗೊತ್ತಾ ನಿನಗೆ, ಅದು ನಮ್ಮ—"

"ವರ್ಜಿಲ್," ಎಂದಳು ಒಲೀಟಾ. ಅವಳ ಕಣ್ಣು ಇನ್ನೂ ಹುಡುಗಿಯ ಕಾಲಿನ ಮೇಲೇ ಇತ್ತು. "ನಿನ್ನ ಬಾಯಿಗೆ ಎರಡು ಹೊಲಿಗೆ ಹಾಕ್ಲಾ?"

ಬಾಯಿ ಮುಚ್ಚಿಕೊಂಡು ಬೆಂಚಿನ ಕಡೆ ತಿರುಗಿ ಕೂತೆ. ಬೆನ್ನ ಹಿಂದೆ ಹುಡುಗಿ ಮತ್ತೆ ಗೋಡೆಯ ಕಡೆಗೆ ನಡೆಯತೊಡಗಿದಳು.